ಅತ್ತೆಗೆ ಹಬ್ಬದ ಕೀಟಲೆ: ಒಡಪೋ, ವಾಯ್ಸ್ ಮೆಸೇಜೋ, ಕುಂದಾ ಡಬ್ಬಿಯ ಚೀಟಿಯೋ?

ಹಬ್ಬ ಹತ್ತಿರ ಬಂತು ಅಂದರೆ ಗುರುತಿನ ಸೊಸೆಯಂದಿರು ಕೇಳುವ ಮಾತು ಒಂದೇ. ಅತ್ತೆಗೆ ಪ್ರತಿ ಸಲ ಅದೇ ದೀಪದ ಚಿತ್ರ, ಅದೇ ‘ಹಾರ್ದಿಕ ಶುಭಾಶಯಗಳು’ ಕಳಿಸಿ ಬೇಜಾರಾಗಿದೆ. ಈ ಸಲ ಸ್ವಲ್ಪ ಕಾಲೆಳೆಯೋಣ ಅಂತ ಆಸೆ. ಪ್ರಾಸ ಕಟ್ಟಿದ ಒಡಪು ಹೇಳಲಾ, ಮೆಸೇಜ್ ಕಳಿಸಲಾ, ಏನಾದರೂ ಕೊಟ್ಟು ಅದರ ಜೊತೆ ಬರೆದಿಡಲಾ? ಈಚೆಗೆ ಅಳಿಯಂದಿರೂ ಕೇಳುತ್ತಾರೆ. ಅವರು ಕೇಳುವುದು ಹೆಂಡತಿ ಪಕ್ಕದಲ್ಲಿ ಇಲ್ಲದಾಗ.

ನಮ್ಮ ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆ ಬೀಗರನ್ನು ಹಂಗಿಸುವುದು ಹೊಸದೇನಲ್ಲ. ಮದುವೆಯಲ್ಲಿ ಬೀಗರ ಹಾಡು ಅಂತಲೇ ಇದೆ. ಬೀಗಿತಿ ಎಷ್ಟು ಹೋಳಿಗೆ ಮುರಿದಳು, ಎಷ್ಟು ಸಲ ತುಪ್ಪ ಹಾಕಿಸಿಕೊಂಡಳು ಅಂತ ಎಲ್ಲರೆದುರು ಹಾಡಿ ಮಾನ ತೆಗೆಯುತ್ತಾರೆ. ಆದರೂ ಯಾರೂ ಸಿಟ್ಟಾಗುವುದಿಲ್ಲ. ಆ ಕಡೆಯ ಹೆಂಗಸರು ಸುಮ್ಮನೆ ಕೂರುವವರಲ್ಲ, ಒಂದು ಹಾಡಿಗೆ ಎರಡು ಹಾಡು ತಿರುಗಿ ಹಾಡುತ್ತಾರೆ. ಲೆಕ್ಕ ಅಲ್ಲಿಗೆ ಚುಕ್ತಾ.

ಅತ್ತೆಗೆ ಕೀಟಲೆ ಆರಿಸುವಾಗಲೂ ನಾನು ಮೊದಲು ನೋಡುವುದು ಇದನ್ನೇ. ಅವರಿಗೆ ತಿರುಗಿ ಹೇಳುವುದಕ್ಕೆ ಜಾಗ ಇದೆಯಾ? ಇದ್ದರೆ ಮಾತು ಸ್ವಲ್ಪ ಖಾರವಾದರೂ ನಡೆಯುತ್ತದೆ. ಇಲ್ಲದಿದ್ದರೆ ಎಷ್ಟು ಮೆತ್ತಗಿನ ಮಾತಾದರೂ ಚುಚ್ಚುತ್ತದೆ.

ಎರಡನೆಯದು, ಯಾರ ಮುಂದೆ ಹೇಳುತ್ತೀರಿ ಅನ್ನುವುದು. ಅಡುಗೆಮನೆಯಲ್ಲಿ ಇಬ್ಬರೇ ಇದ್ದಾಗ ನಕ್ಕ ಮಾತಿಗೆ ನೆಗೆಣ್ಣಿ, ನಾದಿನಿಯರ ಮುಂದೆ ಅತ್ತೆ ನಗದೇ ಇರಬಹುದು. ಅದೇ ಮಾತು, ಅದೇ ಅತ್ತೆ, ಆದರೆ ಕೇಳುವ ಮಂದಿ ಬೇರೆ.

ಮೂರನೆಯದು, ಯಾವುದರ ಮೇಲೆ ಹೇಳುತ್ತೀರಿ. ಅತ್ತೆಗೆ ಯಾವುದರ ಬಗ್ಗೆ ಹೆಮ್ಮೆ ಇದೆಯೋ ಅದರ ಮೇಲೆ ಕೈ ಹಾಕಿ. ಕಾಗದದಷ್ಟು ತೆಳು ರೊಟ್ಟಿ ಬಡಿಯುವ ಅತ್ತೆಗೆ ರೊಟ್ಟಿಯ ಮೇಲೆ ಹೇಳಿದರೆ ಅದು ಹೊಗಳಿಕೆಯೇ ಆಗುತ್ತದೆ. ಸಂತೆಯಲ್ಲಿ ಬದನೆಕಾಯಿಗೆ ಅರ್ಧ ತಾಸು ಚೌಕಾಸಿ ಮಾಡುವುದು, ಒಂಬತ್ತರ ಬಸ್ಸಿಗೆ ಏಳಕ್ಕೇ ಹೋಗಿ ಕೂರುವುದು, ಸೀರಿಯಲ್‌ನ ಅತ್ತೆಗೆ ಟಿವಿ ಮುಂದೆಯೇ ಬೈಯುವುದು, ಇವೆಲ್ಲ ಒಳ್ಳೆಯ ಸರಕು. ಮೈಕಟ್ಟು, ಬಣ್ಣ, ವಯಸ್ಸು, ಮಂಡಿನೋವು, ಅವರ ತವರುಮನೆ, ಮಗ ಯಾರ ಮಾತು ಕೇಳುತ್ತಾನೆ ಅನ್ನುವ ಹಳೇ ಜಗಳ ಇವು ಬೇಡ. ಇವುಗಳ ಮೇಲೆ ಹೇಳಿದ್ದನ್ನು ಹಬ್ಬದ ದಿನ ನಕ್ಕು ಬಿಟ್ಟರೂ ಮರುದಿನ ಯಾವುದೋ ನೆವದಲ್ಲಿ ಎತ್ತುತ್ತಾರೆ.

ಮದುವೆಯಾಗಿ ಎಷ್ಟು ವರ್ಷ ಆಯಿತು ಅನ್ನುವುದನ್ನೂ ನೋಡಬೇಕು. ಖರ್ಚು ಕೊನೆಯ ಮಾತು. ಇಲ್ಲಿ ಕೆಲಸ ಜಾಸ್ತಿ ಮಾಡುವವು ಹೆಚ್ಚಾಗಿ ಬಿಟ್ಟಿಯವೇ.

ಒಡಪು

ನನ್ನ ಮೊದಲ ಆಯ್ಕೆ ಇದೇ. ಗಂಡನ ಹೆಸರು ಸೇರಿಸಿ ಪ್ರಾಸ ಕಟ್ಟಿ ಹೇಳುವ ಒಡಪು ನಮ್ಮ ಹೆಂಗಸರಿಗೆ ಗೊತ್ತೇ ಇದೆ. ಆರತಿ ತಟ್ಟೆ ಹಿಡಿದವಳನ್ನು ‘ಹೆಸರ ಹೇಳ’ ಅಂತ ಅಡ್ಡಗಟ್ಟುವುದು, ಅವಳು ನಾಚಿ ಒಲ್ಲೆ ಅನ್ನುವುದು, ಕೊನೆಗೆ ಹೇಳುವುದು ಇದ್ದದ್ದೇ. ಇಲ್ಲಿ ಹೆಸರು ಗಂಡನದು, ಪ್ರಾಸದ ಪೆಟ್ಟು ಮಾತ್ರ ಅತ್ತೆಗೆ. ಬಿಟ್ಟ ಜಾಗದಲ್ಲಿ ನಿಮ್ಮವರ ಹೆಸರು ಹಾಕಿಕೊಳ್ಳಿ.

ಇಳಕಲ್ಲ ಸೀರಿಗೆ ಚೆಂದ ಟೋಪ ತೆನಿ ಸೆರಗ,
… ಅವರ ಹೆಸರ ಹೇಳತೀನಿ, ಅತ್ತಿ ನಕ್ಕರ ಓಣಿಗೆಲ್ಲ ಬೆರಗ.

ಇದು ಗಂಭೀರ ಮುಖದ ಅತ್ತೆಗೆ. ತಮ್ಮನ್ನೂ ಸೇರಿಸಿ ಹಂಗಿಸಿಕೊಳ್ಳುವ ಧೈರ್ಯ ಇದ್ದವರಿಗೆ ಇದು (ಕುಂದಾ, ಕರದಂಟು ಎರಡೂ ನಮ್ಮ ಕಡೆಯ ಸಿಹಿ):

ಕುಂದಾ ಮೆತ್ತಗ, ಕರದಂಟ ಗಟ್ಟಿ,
… ಅವರ ಹೆಸರ ಹೇಳತೀನಿ, ಅತ್ತಿಗೆ ಸೇರಂಗಿಲ್ಲ ನಾ ಬಡದ ರೊಟ್ಟಿ.

ಈ ಎರಡನೆಯದನ್ನು ಗೌರಿ ಹುಣ್ಣಿಮೆಯ ದಿನ ಬಾಗಲಕೋಟೆ ನವನಗರದ ಒಂದು ಮನೆಯಲ್ಲಿ ಕೇಳಿದೆ. ಪಡಸಾಲೆಯಲ್ಲಿ ಹೆಂಗಸರು ತುಂಬಿದ್ದರು. ಸಕ್ಕರೆ ಆರತಿಯ ಗೊಂಬೆಗಳ ಮೇಲೆ ಮಕ್ಕಳ ಕಣ್ಣು. ಸೊಸೆ ಒಡಪು ಮುಗಿಸಿ ತಲೆ ತಗ್ಗಿಸಿ ನಿಂತಳು. ಎಲ್ಲರೂ ಅತ್ತೆಯ ಕಡೆ ತಿರುಗಿದರು. ಆಕೆ ಅವಸರ ಮಾಡಲಿಲ್ಲ. ಕೈಯಲ್ಲಿದ್ದ ಅಡಿಕೆ ಚೂರು ಬಾಯಿಗೆ ಹಾಕಿಕೊಂಡರು, ಸೆರಗು ಸರಿ ಮಾಡಿಕೊಂಡರು, ಆಮೇಲೆ ಅಂದರು:

ರೊಟ್ಟಿ ಬಡಿಯಾಕ ಬೇಕು ಹದಾ ನಾದಿದ ಹಿಟ್ಟ,
… ಅವರ ಹೆಸರ ಹೇಳತೀನಿ, ಸೊಸಿ ರೊಟ್ಟಿ ನೋಡಿ ಜೋಳಕ್ಕ ಬಂದೈತಿ ಸಿಟ್ಟ.

ನಗೆ ತಡೆಯಲಾಗದೆ ಒಬ್ಬರು ತಟ್ಟೆ ಕೆಳಗಿಟ್ಟರು. ಸೊಸೆಯೇ ಎಲ್ಲರಿಗಿಂತ ಜೋರಾಗಿ ನಕ್ಕಳು. ಒಡಪಿನ ಲಾಭ ಇದು. ಹೇಳಿದ್ದಕ್ಕೆ ತಿರುಗೇಟು ಅಲ್ಲೇ ಸಿಗುತ್ತದೆ, ಗೆದ್ದವರು ಅತ್ತೆಯೇ ಆಗಿರುತ್ತಾರೆ, ಮನಸ್ಸಲ್ಲಿ ಏನೂ ಉಳಿಯುವುದಿಲ್ಲ.

ತೊಂದರೆ ಏನೆಂದರೆ ಊರಲ್ಲೇ ಇರಬೇಕು. ಬೆಂಗಳೂರಲ್ಲೋ ಪುಣೆಯಲ್ಲೋ ಇರುವ ಸೊಸೆಗೆ ಇದು ವರ್ಷಕ್ಕೆ ಒಂದೆರಡು ಸಲ ಸಿಗುವ ಅವಕಾಶ. ಎರಡನೇ ತೊಂದರೆ, ಒಡಪಿಗೆ ಒಡಪು ಹೇಳಲು ಬಾರದ ಅತ್ತೆ. ಮಾತು ಕಡಿಮೆ ಆಡುವ ಅತ್ತೆಯನ್ನು ತುಂಬಿದ ಪಡಸಾಲೆಯಲ್ಲಿ ಹೀಗೆ ನಿಲ್ಲಿಸುವುದು ಸರಿಯಲ್ಲ. ಅವರಿಗೆ ಚೀಟಿಯೇ ಚೆಂದ, ಅದನ್ನು ಮುಂದೆ ಹೇಳುತ್ತೇನೆ.

ವಾಯ್ಸ್ ಮೆಸೇಜ್

ದೂರದಲ್ಲಿರುವವರಿಗೆ ಒಡಪಿನ ನಂತರದ ಜಾಗ ಇದಕ್ಕೆ. ಕಣ್ಣು ಮಂಜಾದವರು, ಓದಲು ಬೇಸರ ಪಡುವವರು ಇದನ್ನು ಕೇಳುತ್ತಾರೆ. ದನಿಯಲ್ಲಿ ನಗು ಇರುತ್ತದೆ. ಅದು ತಮಾಷೆ ಅಂತ ಬೇರೆ ಹೇಳಬೇಕಾಗಿಲ್ಲ. ಬರೆದ ಮಾತಿಗೆ ಈ ಅನುಕೂಲ ಇಲ್ಲ. ‘ನೀವು ಬಿಡ್ರಿ, ನೀವು ದೊಡ್ಡವರು’ ಅನ್ನುವುದನ್ನು ನಗುತ್ತಾ ಹೇಳಿದರೆ ಒಂದು, ಬರೆದು ಕಳಿಸಿದರೆ ಇನ್ನೊಂದು.

ತಿರುಗಿ ಹೇಳುವುದಕ್ಕೂ ಜಾಗ ಇದೆ. ಮೈಕ್ ಗುರುತನ್ನು ಒತ್ತಿ ಹಿಡಿಯುವುದು ಒಂದು ಸಲ ಕಲಿಸಿದರೆ ಮುಗಿಯಿತು, ಆಮೇಲೆ ನಿಮ್ಮದು ಅರ್ಧ ನಿಮಿಷ ಆದರೆ ಅವರದು ನಾಲ್ಕು ನಿಮಿಷ. ಹಬ್ಬದ ಉತ್ತರದ ಜೊತೆಗೆ ಓಣಿಯ ಸುದ್ದಿಯೂ ಬರುತ್ತದೆ.

ಆದರೆ ವಾಯ್ಸ್ ಮೆಸೇಜ್ ಗುಟ್ಟಿನದು ಅಂದುಕೊಳ್ಳಬೇಡಿ. ನಮ್ಮ ಕಡೆ ಹಿರಿಯರು ಫೋನ್ ಕಿವಿಗೆ ಹಿಡಿಯುವುದಿಲ್ಲ. ಸ್ಪೀಕರ್ ಹಚ್ಚಿ, ಅಂಗೈ ಮೇಲೆ ಇಟ್ಟುಕೊಂಡು, ಕಟ್ಟೆ ಮೇಲೆ ಕೂತು ಕೇಳುತ್ತಾರೆ. ಹೂ ಮಾರುವವಳಿಗೂ ಕೇಳುತ್ತದೆ. ಹಾಗಾಗಿ ಓಣಿಯ ಮುಂದೆ ಹೇಳಬಹುದಾದದ್ದನ್ನೇ ಹೇಳಿ. ಪಂಚಮಿಗೆ ತವರಿಗೆ ಹೋದ ಸೊಸೆ ಕಳಿಸಬಹುದಾದದ್ದು ಒಂದು ಇಲ್ಲಿದೆ:

‘ಅತ್ತಿ, ಇಲ್ಲಿ ಜೋಕಾಲಿ ಜೀಕಿ ಜೀಕಿ ಸಾಕಾತ್ರಿ. ನಾ ಇಲ್ಲದ ಮನಿ ಬಿಕೋ ಅಂತೈತಿ ಅಂತ ಒಮ್ಮೆ ಸುಳ್ಳರೆ ಹೇಳ್ರಿ, ನಾಳೆ ಮುಂಜಾನಿ ಬಸ್ಸಿಗೆ ಬರತೀನಿ.’

ಇದಕ್ಕೆ ಅತ್ತೆ ಏನು ಬೇಕಾದರೂ ಹೇಳಬಹುದು. ‘ಬರಬ್ಯಾಡ, ಇನ್ನೆರಡ ದಿನ ಆರಾಮ ಇರತೀನಿ’ ಅಂದರೂ ಅದು ಬಾ ಅಂದಂತೆಯೇ. ಇದೇ ಪಂಚಮಿಗೆ ‘ಅಲ್ಲಿ ಭಾಂಡಿ ಯಾರು ತಿಕ್ಕತಾರ?’ ಅಂತ ಕೇಳುವವರಿದ್ದಾರೆ. ಅದು ಬೇಡ. ಭಾಂಡಿ ತಿಕ್ಕುತ್ತಿರುವುದು ಅವರೇ ಆಗಿರುತ್ತಾರೆ.

ಬರೆದ ಮೆಸೇಜ್, ಗ್ರೂಪ್, ಸ್ಟೇಟಸ್

ನೇರ ಅತ್ತೆಯ ನಂಬರಿಗೆ ಬರೆದು ಕಳಿಸುವುದು ಪರವಾಗಿಲ್ಲ, ಎರಡು ಸಾಲು ಮೀರದಿದ್ದರೆ. ವಾಟ್ಸಾಪ್‌ನಲ್ಲಿ ಕಳಿಸಿದ 15 ನಿಮಿಷದ ತನಕ ತಿದ್ದಬಹುದು, ಆಮೇಲೂ ಅಳಿಸಬಹುದು. ಅಳಿಸಿದರೆ ಮಾತ್ರ ಕಷ್ಟ. ‘ಮೆಸೇಜ್ ಅಳಿಸಲಾಗಿದೆ’ ಅನ್ನುವ ಸಾಲು ಅಲ್ಲೇ ಕೂತಿರುತ್ತದೆ. ಏನು ಬರೆದಿದ್ದೆ, ಯಾಕೆ ಅಳಿಸಿದೆ ಅಂತ ಹಬ್ಬವೆಲ್ಲ ಅದೇ ವಿಚಾರಣೆ.

ಫಾರ್ವರ್ಡ್ ಜೋಕು ಬೇಡವೇ ಬೇಡ. ಮೇಲೆ ಫಾರ್ವರ್ಡ್ ಅಂತ ಬಂದೇ ಬರುತ್ತದೆ, ಇದು ನಿಮ್ಮದಲ್ಲ ಅಂತ ಅತ್ತೆಗೆ ಗೊತ್ತಾಗುತ್ತದೆ. ಆ ಜೋಕಿನ ಅತ್ತೆ ಯಾವಾಗಲೂ ರಾಕ್ಷಸಿ. ಯಾರೋ ಯಾರಿಗೋ ಬರೆದ ಬೈಗುಳವನ್ನು ನಮ್ಮ ಮನೆಯವರಿಗೆ ಯಾಕೆ ಮುಟ್ಟಿಸಬೇಕು?

ಮನೆಯ ಗ್ರೂಪಿನಲ್ಲಿ ಹಾಕುವುದು ತೂಕದ ಕೆಲಸ. ನಾದಿನಿ ನಗುವ ಚಿತ್ರ ಹಾಕಿದರೆ ಒಂದು ಅರ್ಥ, ಮೈದುನ ಹಾಕಿದರೆ ಇನ್ನೊಂದು, ಯಾರೂ ಏನೂ ಹಾಕದಿದ್ದರೆ ದೇವರೇ ಗತಿ. ಒಂದೇ ಒಂದು ಸಂದರ್ಭದಲ್ಲಿ ಗ್ರೂಪ್ ಒಳ್ಳೆಯದು. ಅತ್ತೆಯೇ ಅಲ್ಲಿ ದಿನಾ ಎಲ್ಲರ ಕಾಲೆಳೆಯುವವರಾಗಿದ್ದರೆ ಅದು ಅವರದೇ ಅಂಗಳ, ಧಾರಾಳವಾಗಿ ಹಾಕಿ. ಸ್ಟೇಟಸ್ 24 ಗಂಟೆ ಇರುತ್ತದೆ, ಆಫೀಸಿನವರೂ ನೋಡುತ್ತಾರೆ, ಅತ್ತೆ ಒಬ್ಬರೇ ನೋಡದೇ ಇರಬಹುದು. ಆಮೇಲೆ ಬೇರೆಯವರ ಬಾಯಲ್ಲಿ ಕೇಳುತ್ತಾರೆ. ನನ್ನ ಮತ ಬೇಡ ಅಂತಲೇ.

ಡಬ್ಬಿಯೊಳಗಿನ ಚೀಟಿ

ಕೈ ಸ್ವಲ್ಪ ಬಿಚ್ಚಲು ಆಗುತ್ತದೆ ಅಂದರೆ ಇದು. ಬೆಳಗಾವಿಯಿಂದ ಬರುವವರು ಕಾಲು ಕಿಲೋ ಕುಂದಾ, ಗೋಕಾಕದ ಕಡೆಯವರು ಕರದಂಟು. ಅಮೀನಗಡದ ಹಾದಿಯಲ್ಲಿ ಬಂದರೂ ಕರದಂಟೇ, ಎರಡರಲ್ಲಿ ಯಾವುದು ಹೆಚ್ಚು ಅನ್ನುವ ಜಗಳಕ್ಕೆ ನಾನು ಬರುವುದಿಲ್ಲ. ವಿಜಯಪುರದವರಿಗೆ ಒಣದ್ರಾಕ್ಷಿ ಇದೆ. ಡಬ್ಬಿಯ ಮುಚ್ಚಳದ ಒಳಗೆ ಒಂದು ಚೀಟಿ.

ಕುಂದಾಕ್ಕೆ: ‘ಅತ್ತಿ, ಇದು ಬಾಯಾಗ ಇಟ್ಟುಕೊಂಡಿರೂ ತನಕ ಯಾರಿಗೂ ಬೈಯಬ್ಯಾಡ್ರಿ. ಡಬ್ಬಿ ಖಾಲಿ ಆದ ಮ್ಯಾಲೆ ನಿಮ್ಮಿಷ್ಟ.’

ಕರದಂಟಿಗೆ: ‘ಇದನ್ನ ಹಂಚುವಾಗ ನಿಮ್ಮ ಮಗನಿಗೆ ಒಂದು ಹೆಚ್ಚಿಗೆ ಕೊಡ್ತೀರಿ ಅಂತ ಗೊತ್ತೈತಿ. ನಾ ಮೊದಲೇ ಎಣಿಸಿ ಇಟ್ಟೀನಿ.’

ಮಗನ ವಿಷಯ ಬೇಡ ಅಂದೆನಲ್ಲ, ಇದು ಹೇಗೆ ಅಂದರೆ, ಇಲ್ಲಿ ಜಗಳ ಇರುವುದು ಕರದಂಟಿನ ತುಂಡಿಗೆ. ಅಷ್ಟು ಸಲಿಗೆ ಇದೆ.

ಚೀಟಿಯ ದೊಡ್ಡ ಗುಣ, ಅತ್ತೆ ಒಬ್ಬರೇ ಇರುವಾಗ ಓದಿಕೊಳ್ಳುತ್ತಾರೆ. ಇಷ್ಟವಾದರೆ ಎಲ್ಲರಿಗೂ ತೋರಿಸುತ್ತಾರೆ, ಇಲ್ಲವಾದರೆ ಮಡಚಿ ಇಡುತ್ತಾರೆ. ಆರಿಸುವುದು ಅವರಿಗೆ ಬಿಟ್ಟದ್ದು. ಮಾತು ಕಡಿಮೆಯ ಅತ್ತೆಗೆ ಇದಕ್ಕಿಂತ ಹಿತ ಇನ್ನೊಂದಿಲ್ಲ. ಉತ್ತರ ಮಾತ್ರ ತಡವಾಗಿ ಬರುತ್ತದೆ. ಅದೇ ಡಬ್ಬಿಯಲ್ಲಿ ಶೇಂಗಾ ಹಿಂಡಿ ತುಂಬಿ ವಾಪಸ್ ಬಂದರೆ ಅದೇ ಉತ್ತರ. ಖಾರ ಎಷ್ಟಿದೆ ನೋಡಿಕೊಂಡು ಅರ್ಥ ಮಾಡಿಕೊಳ್ಳಿ.

ಬಟ್ಟೆ ಕೊಡುವವರು ಗುಳೇದಗುಡ್ಡದ ಖಣದಿಂದ ಶುರು ಮಾಡಬಹುದು. ರವಿಕೆಯ ಬಟ್ಟೆ, ಸೀರೆಯಷ್ಟು ಖರ್ಚಿಲ್ಲ. ಇಳಕಲ್ ಸೀರೆ ಕೊಟ್ಟರೆ ಕೀಟಲೆ ಕಡಿಮೆ ಇರಲಿ, ಬೆಲೆಯ ಮಾತಂತೂ ಬೇಡ. ‘ಅತ್ತಿ, ಸೀರಿ ನನ್ನ ಪಸಂದ್, ಹೆಸರಿಡೂದು ನಿಮಗ ಬಿಟ್ಟದ್ದು’ ಅಂದರೆ ಸಾಕು. ಹೆಸರಿಟ್ಟೇ ಇಡುತ್ತಾರೆ. ಉಟ್ಟುಕೊಂಡೇ ಇಡುತ್ತಾರೆ.

ಅಂಗಡಿಯ ಕಾರ್ಡಿನ ತಮಾಷೆ ಬೇರೆ ಊರಿನದು, ನಮ್ಮ ಅತ್ತೆಗೆ ಹೊಂದುವುದಿಲ್ಲ. ಇನ್ನು ಫ್ಲೆಕ್ಸ್. ಹುಟ್ಟುಹಬ್ಬಕ್ಕೂ ಫ್ಲೆಕ್ಸ್ ಕಟ್ಟುವ ಊರು ನಮ್ಮದು, ಅತ್ತೆಗೂ ಒಂದು ಕಟ್ಟಿದರೆ ಹೇಗೆ ಅಂತ ಒಬ್ಬ ಅಳಿಯ ಕೇಳಿದ. ಕೆಳಗೆ ಶುಭ ಕೋರುವವರ ಸಾಲಿನಲ್ಲಿ ಯಾರ ಫೋಟೋ ದೊಡ್ಡದು ಅನ್ನುವಲ್ಲಿಗೆ ಅದು ನಿಲ್ಲುತ್ತದೆ. ಬೇಡ.

ಮೊಮ್ಮಕ್ಕಳ ಬಾಯಲ್ಲಿ ಹೇಳಿಸುವ ದಾರಿಯೂ ಇದೆ. ಕೆಲಸ ಆಗುತ್ತದೆ, ಯಾಕೆಂದರೆ ಮಗು ಏನು ಹೇಳಿದರೂ ಅಜ್ಜಿಗೆ ಚೆಂದ. ಆದರೆ ‘ಯಾರ ಕಲಿಸ್ಯಾರೋ?’ ಅಂತ ಕೇಳಿದ ಕೂಡಲೇ ಮಗು ನಿಮ್ಮ ಕಡೆ ಬೆರಳು ತೋರಿಸುತ್ತದೆ.

ಯಾವ ಹಬ್ಬಕ್ಕೆ ಎಷ್ಟು ಸಲಿಗೆ

ಬನ್ನಿಯ ದಿನ ಅತಿ ಸುಲಭ. ವಿಜಯದಶಮಿಯ ಸಂಜೆ ಕಿರಿಯರು ಬನ್ನಿ ಎಲೆ ಕೊಟ್ಟು ಹಿರಿಯರ ಕಾಲು ಮುಟ್ಟುವುದು ರೂಢಿ. ‘ಬನ್ನಿ ತಗೊಂಡು ಬಂಗಾರದಂಗ ಇರೂಣು’ ಅನ್ನುವುದರ ಹಿಂದೆಯೇ ಸೊಸೆ ಅನ್ನಬಹುದು: ‘ಅತ್ತಿ, ಎಲಿ ಬಂಗಾರ ನಾ ಕೊಟ್ಟೀನಿ. ಕಪಾಟಿನ್ಯಾಗಿಂದ ನೀವು ಯಾವಾಗ ಕೊಡ್ತೀರಿ?’ ಅಂದು ಕಾಲು ಮುಟ್ಟಿ. ಬಗ್ಗಿದವಳಿಗೆ ಬೈಯಲು ಆಗುವುದಿಲ್ಲ. ತಲೆ ಮೇಲೆ ಕೈ ಇಟ್ಟೇ ಉತ್ತರ ಕೊಡಬೇಕು.

ಇದೇ ಮಾತನ್ನು ಅಳಿಯ ಆಡಬಾರದು. ಅಳಿಯ ಅತ್ತೆಯ ಹತ್ತಿರ ಬಂಗಾರ, ಗಾಡಿ, ಹೊಲ ಅಂದರೆ ಅದು ತಮಾಷೆಯಾಗಿ ಉಳಿಯುವುದಿಲ್ಲ. ವರದಕ್ಷಿಣೆ ನಿಷೇಧ ಕಾಯ್ದೆ 1961ರಲ್ಲೇ ಬಂದಿದೆ, ಆದರೂ ಹೆಣ್ಣು ಕೊಟ್ಟವರ ಎದೆಯೊಳಗಿನ ಆ ಹೆದರಿಕೆ ಹೋಗಿಲ್ಲ. ನೀವು ನಕ್ಕೇ ಹೇಳಿದರೂ ಅವರು ರಾತ್ರಿ ಮಲಗದೆ ಲೆಕ್ಕ ಹಾಕುತ್ತಾರೆ.

ಸಂಕ್ರಮಣಕ್ಕೆ ಕುಸುರೆಳ್ಳು ಇದ್ದೇ ಇದೆ. ‘ಎಳ್ಳು ತಗೋರಿ, ಒಳ್ಳೆ ಮಾತಾಡ್ರಿ. ಸಂಜಿತನಕ ಆದರೂ ಸಾಕ್ರಿ.’ ಬೆಳಗಾವಿಯಲ್ಲಿ ಮರಾಠಿ ಮಾತಾಡುವ ಅತ್ತೆಯಾದರೆ ‘ತಿಳಗುಳ ಘ್ಯಾ, ಗೋಡ ಗೋಡ ಬೋಲಾ’ ಅಂತ ಅವರ ಮಾತಲ್ಲೇ ಶುರು ಮಾಡಿ, ಕೀಟಲೆ ಮಾತ್ರ ಕನ್ನಡದಲ್ಲಿ ಇಡಿ. ಉತ್ತರ ಎರಡೂ ಭಾಷೆಯಲ್ಲಿ ಬರುತ್ತದೆ.

ಯುಗಾದಿಗೆ ಅತ್ತೆ ಬೇವು, ಸೊಸೆ ಬೆಲ್ಲ ಅನ್ನುವುದು ಸವೆದು ಹೋದ ಮಾತು, ಬಿಡಿ. ಎಳ್ಳಮಾವಾಸ್ಯೆ ನನಗೆ ಇಷ್ಟ. ಹೊಲಕ್ಕೆ ನೈವೇದ್ಯದ ಚರಗ ಚೆಲ್ಲಿ, ಅಲ್ಲೇ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿ ಪಲ್ಯ ಹಚ್ಚಿಕೊಂಡು ಕೂತಾಗ ಅತ್ತೆಯ ಬಿಗಿಯೂ ಸಡಿಲ ಆಗಿರುತ್ತದೆ. ಅಡುಗೆಮನೆಯಲ್ಲಿ ಹೇಳಲಾಗದ್ದನ್ನು ಬದುವಿನ ಮೇಲೆ ಹೇಳಬಹುದು.

ಹೋಳಿಯ ವಿಷಯದಲ್ಲಿ ನಾನು ಕಟ್ಟುನಿಟ್ಟು. ಬಾಗಲಕೋಟೆಯಲ್ಲಿ ಹಲಗೆ ಬಡಿದು, ಬಂಡಿಗಳಲ್ಲಿ ಬಣ್ಣ ತುಂಬಿಕೊಂಡು ದಿನಗಟ್ಟಲೆ ಆಡುತ್ತಾರೆ, ಬಾಯಿಗೆ ಲಗಾಮು ಇರುವುದಿಲ್ಲ. ಆ ಸಲಿಗೆ ಗೆಳೆಯರ ತನಕ. ಅತ್ತೆಯ ಹೊಸ್ತಿಲು ದಾಟಬಾರದು.

ಅಳಿಯಂದಿರಿಗೆ

ಅಳಿಯನ ಕೀಟಲೆ ಅಳಿಯನ ಮೇಲೆಯೇ ಬೀಳಬೇಕು. ‘ನಿಮ್ಮ ಮಗಳು ಪಟಾಕಿ’ ಅನ್ನುವ ದೀಪಾವಳಿ ಜೋಕು ಅತ್ತೆಗೆ ಮುಟ್ಟುವುದೇ ಇಲ್ಲ, ಹೆಂಡತಿಗೆ ಮುಟ್ಟುತ್ತದೆ. ಅದರ ಬದಲು: ‘ಅತ್ತ್ಯಾರ, ಹ್ವಾದ ದೀಪಾವಳಿಗೆ ಹೊಲಿಸಿದ ಪ್ಯಾಂಟು ಈಗ ಸೊಂಟಕ್ಕ ಬರವಲ್ದು. ತಪ್ಪು ದರ್ಜಿದಲ್ರಿ, ನಿಮ್ಮ ಶೇಂಗಾ ಹೋಳಿಗಿದು.’ ಇದನ್ನು ಬರೆದರೂ ನಡೆಯುತ್ತದೆ, ಫೋನಲ್ಲಿ ಹೇಳಿದರೂ ನಡೆಯುತ್ತದೆ. ಉತ್ತರವಾಗಿ ಇನ್ನೊಂದು ಡಬ್ಬಿ ಹೋಳಿಗೆ ಬರುವ ಸಂಭವ ಜಾಸ್ತಿ.

ಅಕ್ಕನ ಮಗಳನ್ನು ಮಾಡಿಕೊಂಡವರ ಲೆಕ್ಕ ಬೇರೆ. ಸಣ್ಣವನಿದ್ದಾಗ ಜಡೆ ಎಳೆದ ಅಕ್ಕನೇ ಈಗ ಅತ್ತೆ. ಇಬ್ಬರೇ ಇದ್ದಾಗ ಏನು ಬೇಕಾದರೂ ಅನ್ನಬಹುದು, ಆಕೆಯೂ ಬಿಡುವುದಿಲ್ಲ. ಬೀಗರು ಕೂತಲ್ಲಿ ಮಾತ್ರ ‘ರೀ’ ಬಿಡಬೇಡಿ.

ಈಗ ಆರಿಸಿಕೊಳ್ಳಿ. ಮದುವೆಯಾಗಿ ಮೊದಲ ವರ್ಷವಾದರೆ ಚೀಟಿ, ಅದೂ ನಿಮ್ಮನ್ನೇ ಹಂಗಿಸಿಕೊಂಡದ್ದು. ಖರ್ಚು ಮಾಡುವ ಹಾಗಿಲ್ಲ, ಊರಲ್ಲೇ ಇದ್ದೀರಿ, ಅತ್ತೆ ಮಾತಿನ ಮಲ್ಲಿ ಅಂದರೆ ಒಡಪು. ದೂರ ಇದ್ದರೆ ವಾಯ್ಸ್ ಮೆಸೇಜ್. ಮನೆಯಲ್ಲಿ ಸಾವು, ಕಾಯಿಲೆ ಆದ ವರ್ಷ ಕೀಟಲೆ ಬಿಟ್ಟು ನೇರ ಫೋನ್ ಮಾಡಿ, ಊಟ ಆಯ್ತಾ ಕೇಳಿ. ಹಿಂದಿನ ಹಬ್ಬದ ಮುನಿಸು ಇನ್ನೂ ಇದ್ದರೆ ಖಾಲಿ ಕೈಯಲ್ಲಿ ತಮಾಷೆಗೆ ಇಳಿಯಬೇಡಿ, ಕುಂದಾ ಮೊದಲು ಹೋಗಲಿ, ಮಾತು ಆಮೇಲೆ.

ಯಾವುದನ್ನೇ ಆರಿಸಿದರೂ ಹೊತ್ತು ನೋಡಿ. ಹಬ್ಬದ ಬೆಳಿಗ್ಗೆ ಹೂರಣ ರುಬ್ಬಿ, ಒಲೆ ಮುಂದೆ ಬೆವರುತ್ತಾ ನಿಂತವರಿಗೆ ಯಾವ ತಮಾಷೆಯೂ ತಮಾಷೆಯಲ್ಲ. ಮಧ್ಯಾಹ್ನ ನೈವೇದ್ಯ ಆಗಿ, ಊಟ ಮುಗಿದು, ಅವರು ಕಾಲು ಚಾಚಿ ಎಲೆ ಅಡಿಕೆ ತಟ್ಟೆ ಎಳೆದುಕೊಂಡಾಗ ಶುರು ಮಾಡಿ.